ಹಳೇ ಬೋಟು ಕೊಳ್ಳೋದಾದರೆ ಏಪ್ರಿಲ್‌ವರೆಗೆ ತಡಿ

ತಮ್ಮಾ, ನಿನ್ನ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಟೊರೊಂಟೊಗೆ ಬಂದ ಮೇಲೆ ಕೆಲಸ, ಮನೆ ಬಿಟ್ಟರೆ ಬೇರೇನೂ ಇಲ್ಲ, ಇಲ್ಲಿ ನಾಲ್ಕು ಜನರ ಜೊತೆ ಬೆರೆಯೋದು ಹೇಗೆ ಅನ್ನೋದು ಒಂದು. ಆಫೀಸಿನವರೊಬ್ಬರು 26 ಅಡಿಯ ಹಳೇ ಕ್ಯಾಬಿನ್ ಕ್ರೂಸರ್ (ಒಳಗೆ ಕೋಣೆ ಇರೋ) ಬೋಟನ್ನು ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ, ತಗೊಳ್ಳಲಾ ಅನ್ನೋದು ಇನ್ನೊಂದು. ನಾನೀಗ ಕಾಫಿ ಕೊಯ್ಲಿಗೆ ಅಂತ ಕೊಡಗಿನ ಸಿದ್ದಾಪುರದ ಮನೆಗೆ ಬಂದಿದ್ದೇನೆ. ಸಂಜೆ ಹೊತ್ತು ಪುರುಸೊತ್ತಿದೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈಗ ತಗೋಬೇಡ. ಜನವರಿಯಲ್ಲಿ ಅಲ್ಲಿನ ಬೋಟುಗಳೆಲ್ಲ ದಡದ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿರುತ್ತವೆ. ನೀರಿಗಿಳಿಸಿ ಓಡಿಸಿ ನೋಡದೆ ಹಳೇ ಬೋಟಿಗೆ ದುಡ್ಡು ಕೊಡಬಾರದು. ಬೆಲೆ ಕಡಿಮೆ ಇರೋದಕ್ಕೂ ಕಾರಣ ಇರುತ್ತದೆ. ಮರೀನಾದಲ್ಲಿ, ಅಂದರೆ ಬೋಟು ನಿಲ್ಲಿಸೋ ಕಟ್ಟೆಯಲ್ಲಿ, ಜಾಗಕ್ಕೆ ಅಡಿ ಲೆಕ್ಕದಲ್ಲಿ ಬಾಡಿಗೆ, ಚಳಿಗಾಲಕ್ಕೆ ಬೇರೆ ಬಾಡಿಗೆ, ಮೇಲೆತ್ತೋಕೆ, ಇಳಿಸೋಕೆ, ವಿಮೆಗೆ ಬೇರೆ. ಬೋಟಿನ ಬೆಲೆ ಒಂದು ಸಲದ್ದು, ಇದೆಲ್ಲ ಪ್ರತಿ ವರ್ಷದ್ದು.

ಕೊಡಗಿನವರು ನಾವು ಮಳೆ ಕಂಡವರು, ಹೊಳೆ ಉಕ್ಕೋದನ್ನು ಕಂಡವರು. ಆದರೆ ಹೆಪ್ಪುಗಟ್ಟೋ ನೀರು ಏನು ಮಾಡುತ್ತದೆ ಅಂತ ನಮಗೆ ಅಂದಾಜಿಲ್ಲ. ನೀರು ಐಸ್ ಆದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಇಂಥ ಬೋಟುಗಳಲ್ಲಿ ಎಷ್ಟೋ ಇಂಜಿನ್‌ಗಳು ಲೇಕಿನ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತವೆ. ಇಂಜಿನ್ ಬ್ಲಾಕಿನ ಒಳಗೆ ಆ ನೀರು ಉಳಿದರೆ ಎರಕದ ಕಬ್ಬಿಣವೇ ಸೀಳಿಬಿಡುತ್ತದೆ. ಆಮೇಲೆ ಹೆಚ್ಚಿನ ಸಲ ಇಂಜಿನ್ನನ್ನೇ ಬದಲಾಯಿಸಬೇಕಾಗುತ್ತದೆ. ಹಾಗಾಗಿ ಅಕ್ಟೋಬರ್ ಹೊತ್ತಿಗೆ ನೀರೆಲ್ಲ ಬಸಿದು ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಯಿಸುತ್ತಾರೆ. ಪ್ರೊಪೈಲೀನ್ ಗ್ಲೈಕಾಲ್‌ನದೇ ಆಗಬೇಕು. ಕಾರಿಗೆ ಹಾಕೋದರಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ಅದು ವಿಷ. ಕುಡಿಯೋ ನೀರಿನ ಟ್ಯಾಂಕು, ಟಾಯ್ಲೆಟ್ಟು, ಬಿಸಿನೀರಿನ ಟ್ಯಾಂಕು ಎಲ್ಲಕ್ಕೂ ಇದೇ ಕ್ರಮ. ಮಾರೋರನ್ನು ಮೊದಲು ಕೇಳಬೇಕಾದ್ದು ಇದು: ಈ ಸಲ ಚಳಿಗಾಲಕ್ಕೆ ಇಂಜಿನ್ ಸಿದ್ಧ ಮಾಡಿದ್ದು ಯಾರು, ಬಿಲ್ಲು ಇದೆಯಾ?

ಏಪ್ರಿಲ್‌ನಲ್ಲಿ ಹೊದಿಕೆ ತೆಗೆದಾಗ ಹೋಗಿ ನೋಡು. ಹೊರಗೆ ಫೈಬರ್ ಗ್ಲಾಸ್ ಇದ್ದರೂ ಎಷ್ಟೋ ಬೋಟುಗಳ ಹಿಂಗೋಡೆಯ ಒಳಗೆ ಇರೋದು ಪ್ಲೈವುಡ್. ಸ್ಕ್ರೂ ತೂತುಗಳಿಂದ ನೀರು ಇಳಿದು ಅದು ಒಳಗೇ ಕೊಳೆಯುತ್ತದೆ, ಮೇಲಿಂದ ಹೊಳೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಹಲಸಿನ ಹಣ್ಣು ತಟ್ಟಿದ ಹಾಗೆ ತಟ್ಟುತ್ತಾ ಹೋಗು. ಗಟ್ಟಿ ಇದ್ದ ಕಡೆ ಟಕ್ ಅನ್ನುತ್ತದೆ, ಕೊಳೆತ ಕಡೆ ದೊಪ್ ಅನ್ನುತ್ತದೆ. ಕ್ಯಾಬಿನ್ ಒಳಗೆ ಮೂಗನ್ನು ನಂಬು. ಕಕ್ಕಡದ ಮಳೆಯಲ್ಲಿ ಬೆಳೆದ ನಮಗೆ ಬೂಷ್ಟಿನ ವಾಸನೆ ಬೇಗ ಸಿಗುತ್ತದೆ ಅಲ್ವಾ? ವಾಸನೆ ಬಂತು ಅಂದರೆ ಕಿಟಕಿ ಚೌಕಟ್ಟಿನಿಂದಲೋ ಕಂಬಿಯ ಬುಡದಿಂದಲೋ ಸೋರುತ್ತಿದೆ ಅಂತ ಅನುಮಾನಪಡು.

ಹಿಂದಿರುವ ಸ್ಟರ್ನ್‌ಡ್ರೈವಿನ (ಇಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಸಾಗಿಸೋ ಭಾಗ) ಗೇರ್ ಎಣ್ಣೆಯನ್ನು ಸ್ವಲ್ಪ ಬಸಿದು ನೋಡು. ಬೆಳ್ಳಗೆ ಕಲಕಿದ್ದರೆ ಒಳಗೆ ನೀರು ಸೇರಿದೆ. ಅಲ್ಲೇ ಬೆಲ್ಲೋಸ್ ಅನ್ನೋ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಇರುತ್ತದೆ, ಅದರ ಮಡಿಕೆ ಬಿಡಿಸಿ ಬಿರುಕು ಹುಡುಕು. ಅದು ಹರಿದರೆ ಬೋಟಿಗೇ ನೀರು ನುಗ್ಗುತ್ತದೆ. ತುಕ್ಕು ತಡೆಯೋಕೆ ಹಾಕಿದ ಆನೋಡ್ ಅನ್ನೋ ಲೋಹದ ತುಂಡು ಅರ್ಧ ಸವೆದಿದ್ದರೆ ಬದಲಿಸಬೇಕು. ಉಪ್ಪುನೀರಿಗೆ ಸತುವಿನದು, ಲೇಕ್ ಒಂಟಾರಿಯೊದಂಥ ಸಿಹಿನೀರಿಗೆ ಮೆಗ್ನೀಷಿಯಂನದು.

ತೋಟದ ಸ್ಪ್ರಿಂಕ್ಲರ್ ಪಂಪು ನೀನೇ ಬಿಚ್ಚಿ ಕೂರಿಸುತ್ತಿದ್ದೆ ಅಂತ ಬರೆದಿದ್ದೀಯ. ಒಳ್ಳೇದಾಯ್ತು. ಆದರೆ ಬೋಟಿನ ನೀರಿನ ಪಂಪಿನಲ್ಲಿ ಇಂಪೆಲ್ಲರ್, ಅಂದರೆ ನೀರು ತಳ್ಳೋ ರೆಕ್ಕೆಚಕ್ರ, ರಬ್ಬರಿನದು. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಟ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಹೊಸದು ಹಾಕು. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರುಗಳನ್ನೆಲ್ಲ ಪೈಪಿನಲ್ಲಿ ಹುಡುಕಿ ತೆಗಿ. ಒಂದು ಚೂರು ಸಿಕ್ಕಿಕೊಂಡರೂ ಇಂಜಿನ್ ವಿಪರೀತ ಬಿಸಿಯಾಗಬಹುದು.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಲ್ಲುತ್ತದೆ. ಇಂಜಿನ್ ಶುರು ಮಾಡೋ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ (ಆವಿಯನ್ನು ಹೊರಗೆ ತಳ್ಳೋ ಫ್ಯಾನ್) ಓಡಿಸಬೇಕು. ಕಾರಿನ ಅಂಗಡಿಯ ಸ್ಟಾರ್ಟರ್, ಆಲ್ಟರ್ನೇಟರ್ ನೋಡೋಕೆ ಒಂದೇ ಥರ, ಬೆಲೆಯೂ ಕಡಿಮೆ. ಆದರೆ ಕಿಡಿ ಹೊರಗೆ ಬರದ ಹಾಗೆ ಮಾಡಿರೋದು ಬೋಟಿಗೆ ಅಂತಲೇ ಬರುವ ಭಾಗಗಳು ಮಾತ್ರ. ಅಲ್ಲಿ ಉಳಿಸೋಕೆ ಹೋಗಬೇಡ, ಜೀವದ ಪ್ರಶ್ನೆ.

ಕಾಗದಪತ್ರ ಕಷ್ಟ ಏನಿಲ್ಲ. ನೀನು ಓಡಿಸೋಕೆ ಪ್ಲೆಷರ್ ಕ್ರಾಫ್ಟ್ ಆಪರೇಟರ್ ಕಾರ್ಡ್ ಬೇಕು. ಬೋಟಿಗೆ ಬೇರೆ ಲೈಸೆನ್ಸ್ ನಂಬರ್ ಇರುತ್ತದೆ. ಬೋಟಿನ ಮೇಲೆ ಸಾಲ ಇದೆಯಾ ಅಂತ ದಾಖಲೆ ತೆಗೆಸಿ ನೋಡು. ಮರೀನ್ ಸರ್ವೇಯರ್ ಹತ್ತಿರ ಪರೀಕ್ಷೆ ಮಾಡಿಸು. ಹಳೇ ಬೋಟಿಗೆ ವಿಮೆ ಕಂಪನಿಗಳು ಆ ವರದಿಯನ್ನು ಕೇಳೋದೇ ಜಾಸ್ತಿ.

ಇನ್ನು ನಿನ್ನ ಮೊದಲನೇ ಪ್ರಶ್ನೆ. ಊರಲ್ಲಿ ಪಂಪು ಕೆಟ್ಟರೆ ಗೋಣಿಕೊಪ್ಪದಿಂದ ಯಾರನ್ನಾದರೂ ಕರೆಸುತ್ತೇವೆ. ಅಲ್ಲಿ ಮೆಕ್ಯಾನಿಕ್ ಕೂಲಿ ಗಂಟೆ ಲೆಕ್ಕ, ಸೀಸನ್ನಿನಲ್ಲಿ ವಾರಗಟ್ಟಲೆ ಕಾಯಬೇಕು. ಹಾಗಾಗಿ ಏಪ್ರಿಲ್‌ನಲ್ಲಿ ಬೋಟ್ ಯಾರ್ಡಿಗೆ ಹೋದರೆ ಡಾಕ್ಟರು, ಬಸ್ ಡ್ರೈವರು, ರಿಟೈರ್ ಆದ ಮೇಷ್ಟ್ರು ಎಲ್ಲರೂ ಬೋಟಿನ ಕೆಳಗೆ ಮಲಗಿ ಕೆಲಸ ಮಾಡುತ್ತಿರುತ್ತಾರೆ. ಸುಮ್ನೆ ಪಕ್ಕದಲ್ಲಿ ನಿಂತರೂ ಮಾತಿಗೆ ಎಳೆಯುತ್ತಾರೆ, ಸ್ಪ್ಯಾನರ್ ಕೇಳಿದರೆ ಪೆಟ್ಟಿಗೆಯನ್ನೇ ಕೊಡುತ್ತಾರೆ. ನನಗೆ ಅಲ್ಲಿ ಸ್ನೇಹಿತರು ಸಿಕ್ಕಿದ್ದು ಹಾಗೇ, ಆಫೀಸಿನಲ್ಲಿ ಅಲ್ಲ.

ನಾನು ಏಪ್ರಿಲ್ ಹೊತ್ತಿಗೆ ವಾಪಸ್ ಬಂದಿರುತ್ತೇನೆ. ನನ್ನ ಬೋಟಿನ ತಳಕ್ಕೆ ಬಣ್ಣ ಬಳಿಯಬೇಕು. ತೋಟದ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರ ಮೈಲುತುತ್ತದಲ್ಲಿ ಇರೋ ತಾಮ್ರವೇ ಆ ಬಣ್ಣದಲ್ಲೂ ಕೆಲಸ ಮಾಡೋದು. ಪಾಚಿ, ಜೀಬ್ರಾ ಮಸಲ್ ಚಿಪ್ಪು ಅಂಟದ ಹಾಗೆ ತಡೆಯುತ್ತದೆ. ಕೆನಡಾದಲ್ಲಿ ಅದಕ್ಕೆ ಕೀಟನಾಶಕದ ಕಾನೂನಿನಡಿ ನೋಂದಣಿಯೂ ಬೇಕು. ಹಳೇ ಬಣ್ಣ ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಬೇಕು, ಆ ಧೂಳು ಎದೆಗೆ ಹೋಗಬಾರದು. ನೀನೂ ಬಾ, ಹಾಳಾದರೂ ಪರವಾಗಿಲ್ಲ ಅನ್ನೋ ಬಟ್ಟೆ ಹಾಕಿಕೋ, ಮಾಸ್ಕು ನಾನು ತರುತ್ತೇನೆ. ಅದು ಮುಗಿದ ಮೇಲೆ ಆ 26 ಅಡಿ ಬೋಟನ್ನು ಇಬ್ಬರೂ ಹೋಗಿ ತಟ್ಟಿ ನೋಡೋಣ. ನೀರಿಗಿಳಿಸಿ ತೋರಿಸೋಕೆ ಅವರು ಒಪ್ಪದಿದ್ದರೆ ಅದನ್ನು ಅಲ್ಲಿಗೇ ಬಿಡು, ಬೇರೆ ಸಿಗುತ್ತದೆ.