ಮಳೆಯಲ್ಲಿ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು): ಮೊದಲು ಇಂಟರ್‌ಕೂಲರ್ ನೋಡಿ

2012ರ ಫೋರ್ಡ್ ಎಫ್-150 ಪಿಕಪ್, 3.5 ಲೀಟರ್ ಇಕೋಬೂಸ್ಟ್ ಟರ್ಬೋ ಎಂಜಿನ್, ಮಳೆಯಲ್ಲಿ ಹೈವೇ ಮೇಲೆ ಒಂದೇ ವೇಗದಲ್ಲಿ ಹೋಗಿ, ಓವರ್‌ಟೇಕ್‌ಗೆ ಜೋರಾಗಿ ಒತ್ತಿದರೆ ಗಾಡಿ ನಡುಗಿ ಪವರ್ ಬೀಳುತ್ತದೆ, ಒಣ ಹವೆಯಲ್ಲಿ ಏನೂ ಇಲ್ಲ ಎಂದಿದ್ದೀರಿ. ಇಂಟರ್‌ಕೂಲರ್‌ನಲ್ಲಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ನಿಂತ ನೀರಿನ ಮೇಲೇ ನನ್ನ ಮೊದಲ ಅನುಮಾನ. ಗಾಳಿಯನ್ನು ಒತ್ತಿ ತುಂಬುವ ಟರ್ಬೋದಿಂದ ಬರುವ ಬಿಸಿ, ತೇವದ ಗಾಳಿ ಅಲ್ಲಿ ತಣಿದಾಗ ಹನಿಯಾಗಿ ತಳದಲ್ಲಿ ಸೇರುತ್ತದೆ. ನಿಧಾನದ ಗಾಳಿಗೆ ಅದು ಕದಲುವುದಿಲ್ಲ. ಥ್ರಾಟಲ್ ಪೂರ್ತಿ ತೆರೆದ ಕೂಡಲೇ ಒಟ್ಟಿಗೆ ಸಿಲಿಂಡರ್‌ಗೆ ನುಗ್ಗಿ ಕಿಡಿಯನ್ನು ಆರಿಸುತ್ತದೆ.

ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0300 (ಯಾವುದೋ ಸಿಲಿಂಡರ್‌ಗಳಲ್ಲಿ ಮಿಸ್‌ಫೈರ್) ಅಥವಾ ಹಲವು ಸಿಲಿಂಡರ್‌ಗಳ ಕೋಡ್ ಒಟ್ಟಿಗೆ ಬಂದರೆ ಇದೇ ಇರಬಹುದು. ಪಿ0303ರಂತೆ (3ನೇ ಸಿಲಿಂಡರ್) ಪ್ರತಿಸಲ ಒಂದೇ ಸಿಲಿಂಡರ್ ಬಂದರೆ, ಐಡಲ್‌ನಲ್ಲೂ ನಡುಗಿದರೆ, ಆ ಸಿಲಿಂಡರ್‌ನ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಅನ್ನು ಪಕ್ಕದ ಸಿಲಿಂಡರ್‌ನದರ ಜೊತೆ ಅದಲುಬದಲು ಮಾಡಿ. ಕೋಡ್ ಕಾಯಿಲ್ ಜೊತೆಗೇ ಆ ಸಿಲಿಂಡರ್‌ಗೆ ಹೋದರೆ ಕಾಯಿಲ್ ಕೆಟ್ಟಿದೆ. ಬೂಟ್ (ಕಾಯಿಲ್ ಮತ್ತು ಪ್ಲಗ್ ನಡುವಿನ ರಬ್ಬರ್ ಕೊಳವೆ) ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದನ್ನೂ ಬದಲಿಸಿ, ಹೊಸದಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಗೊಡದ ಗ್ರೀಸ್) ತೆಳುವಾಗಿ ಸವರಿ.

ಎರಡೂ ಸಂದರ್ಭದಲ್ಲಿ ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಅಳೆಯಲೇಬೇಕು, ಎಂಜಿನ್ ತಣ್ಣಗಿದ್ದಾಗ. 0.030ರಿಂದ 0.035 ಇಂಚು ಇರಬೇಕು. ಸವೆದು ಅಗಲವಾದರೆ ಟರ್ಬೋ ತುಂಬಿದ ಗಾಳಿಯ (ಬೂಸ್ಟ್) ಒತ್ತಡದಲ್ಲಿ ಕಿಡಿ ದಾಟುವುದಿಲ್ಲ. ಹೊಸ ಪ್ಲಗ್‌ಗಳನ್ನು 0.030ಕ್ಕೇ ಇಡಿ.

ಆಮೇಲೆ ಇಂಟರ್‌ಕೂಲರ್‌ನಿಂದ ಥ್ರಾಟಲ್‌ಗೆ ಹೋಗುವ ಪೈಪ್ ಬಿಚ್ಚಿ ನೀರು ಬಸಿಯಿರಿ. ಸ್ವಲ್ಪ ಎಣ್ಣೆ ಬೆರೆತಿದ್ದರೆ ಗಾಬರಿ ಬೇಡ. ಗಾಳಿ ತಡೆಯುವ ಡಿಫ್ಲೆಕ್ಟರ್ ಅಥವಾ ಪರಿಷ್ಕೃತ ಇಂಟರ್‌ಕೂಲರ್ ಬಗ್ಗೆ ಡೀಲರ್ ಬಳಿ ಕೇಳಿ. ತಳಕ್ಕೆ 1/16 ಇಂಚಿನ ತೂತು ಕೊರೆಯುವವರಿದ್ದಾರೆ. ಅದು ಕೊನೆಯ ದಾರಿಯಾಗಿರಲಿ.

ಚೆಕ್ ಎಂಜಿನ್ ದೀಪ ಮಿಟುಕಿದರೆ ತಕ್ಷಣ ಕಾಲು ತೆಗೆಯಿರಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಸುಟ್ಟುಬಿಡುತ್ತದೆ.