ಕೆಂಪು ಅಂದರೆ ಎರಡು ದಿನ ಮುನಿಸು
(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಕೆಗೆ 31, ಗಂಡನಿಗೆ 34. ಬಿಡಿಎಸ್‌ಎಂ (ಕಟ್ಟಿಹಾಕುವುದು, ಆಜ್ಞೆ-ಶರಣಾಗತಿಯ ಪಾತ್ರಗಳಿರುವ ಲೈಂಗಿಕ ಆಟ) ಇಬ್ಬರೂ ಇಷ್ಟಪಟ್ಟೇ ಶುರುಮಾಡಿದ್ದು. ಆತ ಡಾಮಿನೆಂಟ್ (ಆಜ್ಞೆ ಮಾಡುವವ), ಆಕೆ ಸಬ್‌ಮಿಸಿವ್ (ಅಧೀನಳಾಗುವವಳು). ವರ್ಷದೊಳಗೆ ಆಕೆಯ ಎಟಿಎಂ ಕಾರ್ಡ್, ಫೋನಿನ ಪಾಸ್‌ವರ್ಡ್ ಆತನ ಕೈ ಸೇರಿದ್ದವು. ತವರಿಗೆ ಹೋಗಲೂ ಅಪ್ಪಣೆ ಬೇಕು. "ಒಪ್ಪಿದ್ದು ನಾನೇ ಅಲ್ವಾ? ಈಗ ಬೇಡ ಅನ್ನಬಹುದಾ? ನನಗೇ ಏನಾದ್ರೂ ಕಾಯಿಲೆನಾ?" ಎಂದು ಸಲಹೆಗೆ ಬಂದಾಗ ಕೇಳಿದಳು.

ಕಾಯಿಲೆಯಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ವಯಸ್ಕರು ಒಪ್ಪಿ ನಡೆಸುವ ಇಂಥ ಸಂಬಂಧವನ್ನು ಅಷ್ಟಕ್ಕೇ ರೋಗವೆಂದು ಎಣಿಸುವುದಿಲ್ಲ. ಬೇಡ ಅನ್ನುವ ಹಕ್ಕಂತೂ ಯಾವ ಗಳಿಗೆಯಲ್ಲೂ ಇದೆ.

ತೊಡಕಿದ್ದದ್ದು ಸೇಫ್‌ವರ್ಡ್‌ನಲ್ಲಿ, ಅಂದರೆ ಆಟ ನಿಲ್ಲಿಸಲು ಮೊದಲೇ ಗೊತ್ತುಮಾಡಿಕೊಂಡ ಪದದಲ್ಲಿ. 'ಕೆಂಪು' ಅಂದರೆ ಆತ ತಕ್ಷಣ ನಿಲ್ಲಿಸುತ್ತಿದ್ದ, ಆದರೆ ಆಮೇಲೆ ಎರಡು ದಿನ ಮಾತಿಲ್ಲ. ಎಂಟು ತಿಂಗಳಿಂದ ಆಕೆ ಆ ಪದ ಎತ್ತಿರಲಿಲ್ಲ. ಆತ ಅದನ್ನು ನಂಬಿಕೆ ಬಲಿತ ಗುರುತು ಅಂದುಕೊಂಡಿದ್ದ. ಒಮ್ಮೆ ತೋಳಿಗೆ ಹಗ್ಗ ಬಿಗಿದು ಹೆಬ್ಬೆರಳಿನ ಹಿಂಬದಿ ಜೋಮು ಹಿಡಿದಾಗಲೂ ಆಕೆ ಸುಮ್ಮನಿದ್ದಳು. ಮೇಲ್ತೋಳಿನಲ್ಲಿ ಮೂಳೆಗೆ ಒತ್ತಿಕೊಂಡು ಹಾಯುವ ರೇಡಿಯಲ್ ನರ ಅದುಮಿದರೆ ಹೀಗಾಗುತ್ತದೆ; ಹೊತ್ತು ಹೆಚ್ಚಾದರೆ ಮಣಿಕಟ್ಟು ವಾರಗಟ್ಟಲೆ ಜೋತುಬೀಳಬಹುದು.

ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಬೇಕಾಯಿತು. ಜೊತೆಗಿದ್ದರೆ ಆಕೆ ಗಂಡನ ಮುಖ ನೋಡಿಯೇ ಉತ್ತರಿಸುತ್ತಿದ್ದಳು. ದುಡ್ಡು ತಡೆಹಿಡಿಯುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೌರ್ಜನ್ಯವೇ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು ಎಂಬುದನ್ನು ಆಕೆಗೆ ಒಬ್ಬಳೇ ಇದ್ದಾಗ ತಿಳಿಸಲಾಯಿತು. ಕಾರ್ಡ್, ಫೋನಿನ ಹಿಡಿತ ಅಂದೇ ಬಿಟ್ಟುಕೊಡಬೇಕು, ಆರು ವಾರ ಆಟ ಬಂದ್ ಎಂದು ಆತನಿಗೆ ಹೇಳಿದಾಗ ಒಪ್ಪಿದ. ಒಪ್ಪದಿದ್ದರೆ ದಂಪತಿ ಸಲಹೆಯನ್ನು ಅಲ್ಲಿಗೇ ನಿಲ್ಲಿಸಿ ಆಕೆಯ ಸುರಕ್ಷತೆಯನ್ನಷ್ಟೇ ನೋಡಬೇಕಿತ್ತು. ಆತನ ಮುನಿಸಿನ ಬೇರು ನಾಚಿಕೆ: ಪ್ರತಿ 'ಕೆಂಪು' ತಾನು ಸೋತಂತೆ ಕೇಳಿಸುತ್ತಿತ್ತು.

ಮತ್ತೆ ಶುರುಮಾಡುವ ಮೊದಲು ಬೇಕು, ನೋಡೋಣ, ಬೇಡ ಎಂದು ಇಬ್ಬರೂ ಬೇರೆಬೇರೆ ಹಾಳೆಯಲ್ಲಿ ಬರೆದರು. ಒಬ್ಬರ ಹಾಳೆಯಲ್ಲಿ 'ಬೇಡ' ಇದ್ದರೂ ಅದು ಬೇಡ. ಕತ್ತು ಒತ್ತುವುದಕ್ಕೆ ಸುರಕ್ಷಿತ ವಿಧಾನವೇ ಇಲ್ಲ, ಅದನ್ನು ಪೂರ್ತಿ ಹೊಡೆದುಹಾಕಿಸಿದೆವು. ಕೈಪಟ್ಟಿ ಕಟ್ಟಿದಾಗ ಪಾತ್ರ ಆರಂಭ, ಬಿಚ್ಚಿದಾಗ ಮುಗಿಯಿತು. ಹಗ್ಗದಡಿ ಎರಡು ಬೆರಳು ತೂರಬೇಕು, ಕತ್ತರಿ ಕೈಗೆಟುಕಬೇಕು, ಕಟ್ಟಿದವರನ್ನು ಒಂಟಿಯಾಗಿ ಬಿಡಬಾರದು. ಮೊದಲ ದಿನ ಕಾರಣವಿಲ್ಲದೆ ಮೂರು ಸಲ 'ಕೆಂಪು' ಅನ್ನಬೇಕು. ಆತ ನಿಲ್ಲಿಸಿ, ನೀರು ಕೊಟ್ಟು, "ಹೇಳಿದ್ದು ಒಳ್ಳೇದಾಯ್ತು" ಅನ್ನಬೇಕು. ಆಟದ ನಂತರ ಮನಸ್ಸು ಕುಸಿಯುವುದು ಕೆಲವೊಮ್ಮೆ ಒಂದೆರಡು ದಿನ ತಡವಾಗಿ, ಡಾಮಿನೆಂಟ್‌ಗೂ. ಹಾಗಾಗಿ ಮೂರನೇ ದಿನವೂ ಪರಸ್ಪರ ವಿಚಾರಿಸಿಕೊಳ್ಳಬೇಕು.

ಮತ್ತೆ ಶುರುಮಾಡಿದ ಎರಡನೇ ವಾರ ಹೆಬ್ಬೆರಳು ಜುಮ್ಮೆಂದಾಗ ಆಕೆ 'ಹಳದಿ' (ತಡಿ, ಏನೋ ಸರಿಯಿಲ್ಲ ಎಂಬ ಸೂಚನೆ) ಅಂದಳು. ಆತ ಹಗ್ಗ ಬಿಚ್ಚಿದ. ಆ ರಾತ್ರಿ ಇಬ್ಬರೂ ಜೊತೆಗೇ ಊಟಕ್ಕೆ ಕೂತರು.