ಹಿಪ್ಪುನೇರಳೆ ಸೊಪ್ಪಿನ ಚಹಾ ಕುಡಿದ್ರೆ ಶುಗರ್ ಮಾತ್ರೆ ಬಿಡ್ಬಹುದಾ?

ಪ್ರಶ್ನೆ: ನನಗೆ 54, ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಉಂಟು. ರಾಮನಗರದ ಅಕ್ಕ ಹಿಪ್ಪುನೇರಳೆ ಸೊಪ್ಪು ಒಣಗಿಸಿ ಒಂದು ಡಬ್ಬಿ ಕಳಿಸಿದ್ದಾಳೆ, ಇದ್ರ ಚಹಾ ಕುಡಿ, ಮಾತ್ರೆ ಬೇಡ ಅಂತಾಳೆ. ಏನ್ಮಾಡ್ಲಿ?
ಓದುಗರು, ಕದ್ರಿ, ಮಂಗಳೂರು

ಉತ್ತರ: ಮಾತ್ರೆ ಮಾತ್ರ ಬಿಡ್ಬೇಡಿ ಮಾರಾಯ್ರೆ. ಅಕ್ಕ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆ ಸೊಪ್ಪಲ್ಲಿ ಡಿಎನ್‌ಜೆ ಅಂತ ಒಂದು ಅಂಶ ಉಂಟು, ಅದು ಕರುಳಲ್ಲಿ ಪಿಷ್ಟ, ಸಕ್ಕರೆ ಒಡೆಯೋ ಕಿಣ್ವಕ್ಕೆ ಅಡ್ಡ ನಿಲ್ತದೆ, ಹಾಗಾಗಿ ನೀವು ಗಂಜಿಯೋ ನೀರ್‌ದೋಸೆಯೋ ತಿಂದ್ಮೇಲೆ ಗ್ಲೂಕೋಸ್ ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನ ಸೇರ್ತದೆ. ಶುಗರ್‌ಗೇ ಕೊಡೋ ವೋಗ್ಲಿಬೋಸ್ ಅನ್ನೋ ಮಾತ್ರೆಯದ್ದೂ ಇದೇ ಕೆಲಸ. ಅಂದ್ರೆ ಊಟದ ಹೊತ್ತಿಗೆ ಕುಡಿದ್ರೆ ಏನಾದ್ರೂ ಪ್ರಯೋಜನ, ಬೆಳಿಗ್ಗೆ ಬರೀ ಹೊಟ್ಟೆಗೆ ಕುಡಿದು ಹತ್ತು ಗಂಟೆಗೆ ಬನ್ಸ್ ತಿಂದ್ರೆ ಹೆಚ್ಚೇನಿಲ್ಲ. ಅದಕ್ಕೆ ಬೆಲ್ಲ ಹಾಕಿ ಕುಡಿಯೋರೂ ಉಂಟು, ಅವರಿಗೆ ನಾನೇನು ಹೇಳ್ಲಿ!

ಮಾತ್ರೆಯಲ್ಲಾದ್ರೆ ಡೋಸ್ ಲೆಕ್ಕ ಇರ್ತದೆ, ಮನೇಲಿ ಒಣಗಿಸಿದ ಸೊಪ್ಪಲ್ಲಿ ಆ ಲೆಕ್ಕ ಇಲ್ಲ, ತಳಿ, ಕೊಯ್ದ ಕಾಲ, ಎಲೆ ಎಳತಾ ಬಲಿತಾ ಅಂತ ಬದಲಾಗ್ತದೆ. ಕೆಲವರಿಗೆ ಗ್ಯಾಸ್, ಹೊಟ್ಟೆ ಉಬ್ಬರ ಕೂಡ.

ನಿಮ್ಮ ವಿಷಯದಲ್ಲಿ ನನಗೆ ಹೆದರಿಕೆ ಗ್ಲಿಮಿಪಿರೈಡ್‌ದ್ದು. ಅದೊಂದೇ ಶುಗರ್ ಲೋ ಮಾಡ್ತದೆ, ಜೊತೆಗೆ ಇದೂ ಸೇರಿದ್ರೆ ಇನ್ನೂ ಇಳೀಬಹುದು. ಹಾಗೆ ಬೆವರು, ಕೈನಡುಕ ಬಂದ್ರೆ ಸಕ್ಕರೆ ಬಾಯಿಗೆ ಹಾಕ್ಬೇಡಿ, ಸಕ್ಕರೆ ಒಡೆಯೋದನ್ನೇ ಅಲ್ವಾ ಈ ಸೊಪ್ಪು ತಡೆಯೋದು, ಗ್ಲೂಕೋಸ್ ಆದ್ರೆ ಒಡೆಯೋದೇ ಬೇಡ, ಅದರ ಪುಡಿ ನೀರಲ್ಲಿ ಕದಡಿ ಕುಡೀರಿ. ಡಬ್ಬಿಯನ್ನ ಡಾಕ್ಟ್ರಿಗೆ ತೋರಿಸಿ, ಅವರು ಆಯ್ತು ಅಂದ್ಮೇಲೆ ಶುರು ಮಾಡಿ, ಊಟದ ಎರಡು ಗಂಟೆ ನಂತರದ ರೀಡಿಂಗ್ ಕ್ಯಾಲೆಂಡರ್ ಮೇಲೆ ಬರೆದಿಡಿ.